ಕಂಪೈಲರ್ ಜೋಡಿಸುವುದನ್ನೂ ಪ್ರಯೋಗಾಲಯದಲ್ಲಿ ಕಲಿಸಲಿ

ಮಾನ್ಯ ಸಂಪಾದಕರೇ,

ಚಿಕ್ಕಬಳ್ಳಾಪುರ ಜಿಲ್ಲೆಯ ಎಂಜಿನಿಯರಿಂಗ್ ಕಾಲೇಜು ಮತ್ತು ಪಾಲಿಟೆಕ್ನಿಕ್‌ಗಳಲ್ಲಿ ಎಲೆಕ್ಟ್ರಾನಿಕ್ಸ್ ಮತ್ತು ಕಂಪ್ಯೂಟರ್ ಸೈನ್ಸ್ ಓದುತ್ತಿರುವ ವಿದ್ಯಾರ್ಥಿಗಳಿಗೆ ಮೈಕ್ರೊಕಂಟ್ರೋಲರ್ (ಸಾಧನಗಳ ಒಳಗೆ ಕೂತು ಅವನ್ನು ನಡೆಸುವ ಪುಟ್ಟ ಕಂಪ್ಯೂಟರ್ ಚಿಪ್) ಪಾಠ ಕಲಿಸುವ ಕ್ರಮದಲ್ಲಿ ಬಹುಕಾಲದಿಂದ ಉಳಿದುಬಂದಿರುವ ಒಂದು ಕೊರತೆಯ ಕಡೆಗೆ ತಮ್ಮ ಪತ್ರಿಕೆಯ ಮೂಲಕ ಕಾಲೇಜುಗಳ, ವಿಶ್ವವಿದ್ಯಾಲಯದ ಹಾಗೂ ತಾಂತ್ರಿಕ ಶಿಕ್ಷಣ ಇಲಾಖೆಯ ಗಮನ ಸೆಳೆಯಬಯಸುತ್ತೇನೆ. ನಾನು ಶಿಡ್ಲಘಟ್ಟ ತಾಲ್ಲೂಕಿನವನು. ಕೊಳವೆಬಾವಿ ಮೋಟಾರನ್ನು ಫೋನಿನಿಂದ ಚಾಲೂ ಮಾಡುವ ಸ್ಟಾರ್ಟರ್, ಹನಿ ನೀರಾವರಿಯ ವಾಲ್ವ್ ನಿಯಂತ್ರಕ, ರೇಷ್ಮೆ ಹುಳುಮನೆಯ ಉಷ್ಣಾಂಶ ಮತ್ತು ತೇವಾಂಶ ತೋರಿಸುವ ಪೆಟ್ಟಿಗೆ ಮುಂತಾದ ಸಣ್ಣ ಸಾಧನಗಳ ಒಳಗಿನ ತಂತ್ರಾಂಶ ಬರೆಯುವುದು ನನ್ನ ಕಸುಬು. ಈ ಕೆಲಸಕ್ಕೆ ಸೇರಲೆಂದು ಅಥವಾ ಇಂಟರ್ನ್‌ಶಿಪ್‌ಗೆಂದು ಬರುವ ಹುಡುಗ ಹುಡುಗಿಯರು ಸಿ ಭಾಷೆಯಲ್ಲಿ ಹಿಂದೆ ಬಿದ್ದವರಲ್ಲ. ಪಾಯಿಂಟರ್ ಎಂದರೆ ಬೆಚ್ಚುವವರೂ ಈಗ ಕಡಿಮೆ. ಅವರು ಕೈಚೆಲ್ಲಿ ಕೂರುವುದು ಬೇರೊಂದು ಕಡೆ. ಕಾಲೇಜಿನಲ್ಲಿ ಬಳಸಿದ ಐಡಿಇ (ಕೋಡ್ ಬರೆದು, ಕಟ್ಟಿ, ಚಿಪ್‌ಗೆ ಇಳಿಸುವ ಕೆಲಸವನ್ನೆಲ್ಲ ಒಂದೇ ಕಿಟಕಿಯಲ್ಲಿ ಮಾಡಿಕೊಡುವ ತಂತ್ರಾಂಶ) ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ, ತಾವೇ ಬರೆದ ಇಪ್ಪತ್ತು ಸಾಲಿನ ಎಲ್‌ಇಡಿ ಪ್ರೋಗ್ರಾಮನ್ನು ಚಿಪ್‌ಗೆ ಇಳಿಸುವ ದಾರಿ ಅವರಿಗೆ ಕಾಣುವುದಿಲ್ಲ. ಬರೆದ ಕೋಡನ್ನು ಚಿಪ್‌ಗೆ ತಿಳಿಯುವ ಯಂತ್ರಸಂಕೇತಕ್ಕೆ ತಿರುಗಿಸುವ ಕಂಪೈಲರ್ ಎಂಬುದು ಆ ಕಿಟಕಿಯಿಂದ ಬೇರೆಯಾದ ಒಂದು ಸಾಧನ, ಅದನ್ನು ಹೊರಗಿನಿಂದ ತಂದು ತಮಗೆ ಬೇಕಾದ ಎಡಿಟರ್‌ಗೆ ಜೋಡಿಸಿಕೊಳ್ಳಬಹುದು ಎಂಬುದನ್ನು ಅವರಿಗೆ ಯಾರೂ ಮಾಡಿ ತೋರಿಸಿರುವುದಿಲ್ಲ.

ಇದು ವಿದ್ಯಾರ್ಥಿಗಳ ತಪ್ಪೆಂದು ನಾನು ಹೇಳಲಾರೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2018ರ ಸ್ಕೀಮ್‌ನಲ್ಲಿ ಕಂಪ್ಯೂಟರ್ ಸೈನ್ಸ್ ವಿಭಾಗದ ಮೈಕ್ರೊಕಂಟ್ರೋಲರ್ ಪ್ರಯೋಗಾಲಯಕ್ಕೆ ಗೊತ್ತುಪಡಿಸಿದ್ದು ಎಲ್‌ಪಿಸಿ2148 ಎಂಬ ಚಿಪ್‌ನ ಬೋರ್ಡು, ಅದಕ್ಕೆ ಕೀಲ್ ಯುವಿಷನ್-4 ಎಂಬ ಐಡಿಇಯ ಉಚಿತ ಮೌಲ್ಯಮಾಪನ ಆವೃತ್ತಿ. ಚಿಪ್ ಹಳೆಯದೆಂದು ಮೂಗು ಮುರಿಯುವವರ ಪೈಕಿ ನಾನಿಲ್ಲ. ಎಆರ್‌ಎಂ7 ಜಾತಿಯ ಆ ಚಿಪ್‌ನಲ್ಲಿ ಪ್ರೋಗ್ರಾಮ್ ಉಳಿಯುವ 512 ಕೆಬಿ ಫ್ಲ್ಯಾಶ್ ಇದೆ, ಟೈಮರ್, ಯುಆರ್ಟ್, ಎಡಿಸಿ ಎಲ್ಲವೂ ಇವೆ, ಕಲಿಯುವುದಕ್ಕೆ ಧಾರಾಳವಾಗಿ ಸಾಕು. ತೊಡಕು ಇರುವುದು ಅದರ ಜೊತೆಗೆ ಅಂಟಿಕೊಂಡು ಬಂದ ಸಾಫ್ಟ್‌ವೇರಿನಲ್ಲಿ. ಆ ಎಆರ್‌ಎಂ7 ವಿನ್ಯಾಸದ ಒಡೆಯರಾದ ಆರ್ಮ್ ಸಂಸ್ಥೆ ಕೀಲ್ ಕಂಪನಿಯನ್ನು 2005ರಲ್ಲಿ ಕೊಂಡುಕೊಂಡಿತು. ಆ ಸಂಸ್ಥೆಯ ಈಗಿನ ಆರ್ಮ್ ಕಂಪೈಲರ್ 6 ಎಲ್‌ಎಲ್‌ವಿಎಂ ಎಂಬ ಮುಕ್ತ ಕಂಪೈಲರ್ ತಳಹದಿಯ ಮೇಲೆ ನಿಂತಿದ್ದು, ಎಆರ್‌ಎಂ7ನಂಥ ಹಳೆಯ ಪ್ರೊಸೆಸರ್ ತಿರುಳುಗಳಿಗೆ ಅದು ಕೋಡ್ ತಯಾರಿಸುವುದಿಲ್ಲ. ತಯಾರಿಸುತ್ತಿದ್ದ ಆರ್ಮ್ ಕಂಪೈಲರ್ 5 ಅನ್ನು 2022ರಲ್ಲಿ ಬಂದ, ಕೀಲ್‌ನ ಸಾಧನಗಳ ಕಟ್ಟಾದ ಎಂಡಿಕೆ 5.37ರಿಂದೀಚೆಗೆ ಮೂಲ ಪ್ಯಾಕೇಜಿನಲ್ಲಿ ಕೊಡುತ್ತಿಲ್ಲ. ಹೀಗಾಗಿ ಹೊಸ ಕಂಪ್ಯೂಟರ್ ಬಂದಾಗಲೆಲ್ಲ ಲ್ಯಾಬ್ ಸಹಾಯಕರು ಯಾವುದೋ ಕಾಲದ ಇನ್‌ಸ್ಟಾಲರನ್ನು ಪೆನ್‌ಡ್ರೈವ್‌ನಲ್ಲಿ ಹಿಡಿದುಕೊಂಡು ಓಡಾಡುತ್ತಾರೆ. ಸೋಜಿಗವೆಂದರೆ ಉಚಿತವಾಗಿ ಸಿಗುವ ಜಿಸಿಸಿ ಕಂಪೈಲರ್ ಇದೇ ಚಿಪ್‌ಗೆ ಇವತ್ತಿಗೂ ಕೋಡ್ ತಯಾರಿಸುತ್ತದೆ. ಒಂದು ಮಾತು ಮಾತ್ರ ತಿಳಿದಿರಬೇಕು: ಈ ಚಿಪ್‌ನಲ್ಲಿ ಎಲ್ಲಕ್ಕಿಂತ ಮೊದಲು ನಡೆಯುವ ಬೂಟ್‌ಲೋಡರ್, ಪ್ರೋಗ್ರಾಮಿನ ಆರಂಭದಲ್ಲಿರುವ ಎಂಟು ವೆಕ್ಟರ್ ಪದಗಳ (32 ಬಿಟ್ ಸಂಖ್ಯೆಗಳ) ಮೊತ್ತ ಸೊನ್ನೆಯಾದರೆ ಮಾತ್ರ ಪ್ರೋಗ್ರಾಮನ್ನು ಸರಿಯೆಂದು ಒಪ್ಪುತ್ತದೆ. ಆ ಲೆಕ್ಕವನ್ನು ಫ್ಲ್ಯಾಶ್ ಮಾಡುವ ಸಾಧನ ತಾನೇ ಮಾಡಿಕೊಳ್ಳುತ್ತದೆಯೋ ಇಲ್ಲವೋ ಎಂದು ನೋಡಿಕೊಂಡರೆ ಹಳೆಯ ಬೋರ್ಡುಗಳನ್ನು ಗುಜರಿಗೆ ಹಾಕುವ ಅಗತ್ಯವೇ ಬರುವುದಿಲ್ಲ.

ಹೊರಗಿನ ಟೂಲ್‌ಚೈನ್ ಜೋಡಿಸುವುದು ಎಂದರೆ ಏನೆಂದು ಈ ಕ್ಷೇತ್ರದವರಲ್ಲದ ಓದುಗರಿಗೂ ತಿಳಿಯಬೇಕಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನಮ್ಮ ಕಂಪ್ಯೂಟರಿನಲ್ಲಿರುವುದು ಇಂಟೆಲ್ ಅಥವಾ ಎಎಂಡಿ ಜಾತಿಯ ಪ್ರೊಸೆಸರ್. ಸ್ಟಾರ್ಟರ್ ಪೆಟ್ಟಿಗೆಯೊಳಗಿನ ಚಿಪ್ ಬೇರೆ ಜಾತಿಯದು. ಇಲ್ಲಿ ಕೂತು ಅಲ್ಲಿಗೆ ಬೇಕಾದ ಯಂತ್ರಸಂಕೇತವನ್ನು ತಯಾರಿಸಿಕೊಡುವುದೇ ಕ್ರಾಸ್ ಕಂಪೈಲರ್. ಅದು ಒಂಟಿಯಾಗಿ ಬರುವುದಿಲ್ಲ. ಅಸೆಂಬ್ಲರ್, ತುಂಡು ತುಂಡಾಗಿ ತಯಾರಾದ ಕೋಡನ್ನು ಕೂಡಿಸುವ ಲಿಂಕರ್, ಸಿ ಲೈಬ್ರರಿ, ದೋಷ ಹುಡುಕುವ ಡಿಬಗರ್, ತಯಾರಾದ ಕಡತವನ್ನು ಹೆಕ್ಸ್ ರೂಪಕ್ಕೆ ತಿರುಗಿಸುವ ಆಬ್ಜ್‌ಕಾಪಿ ಎಲ್ಲವೂ ಕೂಡಿದ್ದೇ ಟೂಲ್‌ಚೈನ್. ರಿಚರ್ಡ್ ಸ್ಟಾಲ್‌ಮನ್ ಅವರು 1987ರಲ್ಲಿ ಮೊದಲು ಬಿಡುಗಡೆ ಮಾಡಿದ ಜಿಸಿಸಿ ಇಂದು ಆರ್ಮ್, ಎವಿಆರ್, ರಿಸ್ಕ್-ಫೈವ್ ಮುಂತಾದ ಹತ್ತಾರು ಜಾತಿಯ ಪ್ರೊಸೆಸರುಗಳಿಗೆ ದೊರೆಯುತ್ತದೆ, ಮತ್ತು ಆರ್ಮ್ ಸಂಸ್ಥೆಯೇ ತನ್ನ ಚಿಪ್‌ಗಳಿಗೆಂದು ಅದನ್ನು ಸಿದ್ಧ ಕಟ್ಟಾಗಿ ಉಚಿತವಾಗಿ ಕೊಡುತ್ತದೆ. ಆರ್ಡುಯಿನೊ ಬಳಸಿದ ಪ್ರತಿಯೊಬ್ಬ ವಿದ್ಯಾರ್ಥಿಯೂ ತನಗೆ ಗೊತ್ತಿಲ್ಲದೆಯೇ ಜಿಸಿಸಿ ಬಳಸಿರುತ್ತಾನೆ. ಅಪ್‌ಲೋಡ್ ಗುಂಡಿಯ ಹಿಂದೆ ಕೆಲಸ ಮಾಡುವುದು ಅದೇ.

ಇಳಿಸಿಕೊಳ್ಳುವಾಗಲೇ ಮೊದಲ ಎಡವು. ಆರ್ಮ್ ಚಿಪ್‌ಗಳ ಟೂಲ್‌ಚೈನ್‌ಗಳ ಪುಟದಲ್ಲಿ ನೋಡಲು ಒಂದೇ ಥರ ಕಾಣುವ ಹಲವು ಕಟ್ಟುಗಳಿರುತ್ತವೆ. ಆಪರೇಟಿಂಗ್ ಸಿಸ್ಟಮ್ ಇಲ್ಲದ ಬರಿಯ ಚಿಪ್‌ಗೆ ಬೇಕಾದದ್ದು 'ಆರ್ಮ್-ನನ್-ಇಎಬಿಐ' ಎಂಬ ಮುನ್ನೊಟ್ಟಿನದು. ಲಿನಕ್ಸ್ ನಡೆಸುವ ಬೋರ್ಡಿಗೆ ಬೇಕಾದದ್ದು 'ಲಿನಕ್ಸ್-ಗ್ನೂ' ಎಂದು ಹೆಸರಿನಲ್ಲೇ ಇರುವುದು. ಇವೆರಡನ್ನು ಅದಲುಬದಲು ಮಾಡಿಕೊಂಡು, ಲಿನಕ್ಸಿಗೆಂದು ತಯಾರಾದ ಕಡತವನ್ನು ಇಪ್ಪತ್ತು ಕೆಬಿ ರ‍್ಯಾಮ್ ಇರುವ ಚಿಪ್‌ಗೆ ತುಂಬಿಸಲು ಹೊರಟವರನ್ನು ಕಂಡಿದ್ದೇನೆ. ವಿಂಡೋಸ್‌ನಲ್ಲಿ ಇನ್‌ಸ್ಟಾಲರ್‌ನ ಕಡೆಯ ಪುಟದಲ್ಲಿ, ಕಂಪೈಲರ್ ಇರುವ ಫೋಲ್ಡರಿನ ದಾರಿಯನ್ನು ಪಾತ್ ಎಂಬ ಪಟ್ಟಿಗೆ ಸೇರಿಸಬೇಕೇ ಎಂದು ಕೇಳುವ ಒಂದು ಚಿಕ್ಕ ಚೌಕವಿರುತ್ತದೆ. ಅದಕ್ಕೆ ಗುರುತು ಹಾಕದೆ ಮುಗಿಸಿದರೆ, ಕಂಪೈಲರ್ ಡಿಸ್ಕಿನಲ್ಲಿ ಕೂತಿದ್ದರೂ ಹೆಸರು ಹಿಡಿದು ಕರೆದಾಗ ಓಗೊಡುವುದಿಲ್ಲ. ಫೋಲ್ಡರಿನ ಹೆಸರಿನ ನಡುವೆ ಖಾಲಿ ಜಾಗ ಇದ್ದರೆ, ಕಟ್ಟುವ ಕ್ರಮವನ್ನು ಬರೆದಿಡುವ ಮೇಕ್‌ಫೈಲ್ ಆ ದಾರಿಯನ್ನು ಎರಡು ತುಂಡು ಮಾಡಿ ಓದುತ್ತದೆ. ವಿಂಡೋಸ್ ತಾನಾಗಿ ಸೂಚಿಸುವ ಪ್ರೋಗ್ರಾಮ್ ಫೈಲ್ಸ್ ಫೋಲ್ಡರಿನಲ್ಲಿ ಅಂಥ ಜಾಗ ಇದ್ದೇ ಇದೆ. ಇವೆಲ್ಲ ಅತಿ ಸಣ್ಣ ಸಂಗತಿಗಳು, ಗೊತ್ತಿದ್ದವರಿಗೆ ಐದು ನಿಮಿಷದ ಕೆಲಸ. ಗೊತ್ತಿಲ್ಲದ ವಿದ್ಯಾರ್ಥಿ ಮಾತ್ರ ಇಡೀ ಮಧ್ಯಾಹ್ನ ಅಲ್ಲೇ ಸಿಕ್ಕಿಕೊಂಡು, ಈ ಕ್ಷೇತ್ರ ತನ್ನದಲ್ಲವೆಂದು ತೀರ್ಮಾನಿಸಿ ಎದ್ದುಹೋಗುತ್ತಾನೆ.

ಕಂಪೈಲರ್ ಓಗೊಟ್ಟ ಮೇಲೆ ಬರುವ ಎರಡನೆಯ ಹಂತದಲ್ಲಿಯೇ ನಿಜವಾದ ಪಾಠವಿರುವುದು. ಮಾರುಕಟ್ಟೆಯಲ್ಲಿ ಅಗ್ಗದ ನೀಲಿ ಬೋರ್ಡಿನ ರೂಪದಲ್ಲಿ ಸಿಗುವ ಎಸ್‌ಟಿಎಂ32ಎಫ್103ಸಿ8 ಚಿಪ್ಪನ್ನೇ ತೆಗೆದುಕೊಳ್ಳೋಣ. ಅದರ 64 ಕೆಬಿ ಫ್ಲ್ಯಾಶ್ ಹೆಕ್ಸಾಡೆಸಿಮಲ್ 08000000 ವಿಳಾಸದಿಂದಲೂ, 20 ಕೆಬಿ ರ‍್ಯಾಮ್ 20000000 ವಿಳಾಸದಿಂದಲೂ ಆರಂಭವಾಗುತ್ತವೆ. ಇದನ್ನು ಲಿಂಕರ್‌ಗೆ ಯಾರೋ ಹೇಳಬೇಕು. ಹಾಗೆ ಹೇಳುವ ಕಡತವೇ ಲಿಂಕರ್ ಸ್ಕ್ರಿಪ್ಟ್. ಕರೆಂಟು ಬಂದ ಕ್ಷಣದಲ್ಲಿ ಸ್ಟ್ಯಾಕ್ ಎಲ್ಲಿಂದ ಶುರುವಾಗಬೇಕು, ಬೆಲೆ ಕೊಟ್ಟಿರುವ ಗ್ಲೋಬಲ್ ಚರಗಳನ್ನು ಫ್ಲ್ಯಾಶ್‌ನಿಂದ ರ‍್ಯಾಮ್‌ಗೆ ಯಾರು ನಕಲು ಮಾಡಬೇಕು, ಬೆಲೆ ಕೊಡದವನ್ನು ಯಾರು ಸೊನ್ನೆಗೆ ತರಬೇಕು, ಆಮೇಲೆ ಮೇನ್ ಫಂಕ್ಷನ್ನನ್ನು ಯಾರು ಕರೆಯಬೇಕು ಎಂಬುದೆಲ್ಲ ಸ್ಟಾರ್ಟ್‌ಅಪ್ ಕಡತದಲ್ಲಿರುತ್ತದೆ. ಐಡಿಇ ಇವೆರಡನ್ನೂ ತಾನೇ ತುಂಬಿಕೊಟ್ಟುಬಿಡುವುದರಿಂದ, 'ಪ್ರೋಗ್ರಾಮ್ ಮೇನ್‌ನಿಂದ ಆರಂಭವಾಗುತ್ತದೆ' ಎಂಬ ಗಿಳಿಪಾಠವನ್ನೇ ನಂಬಿಕೊಂಡು ಮಕ್ಕಳು ಪದವಿ ಮುಗಿಸುತ್ತಾರೆ. ಹೊರಗಿನ ಕಂಪೈಲರನ್ನು ಜೋಡಿಸಲು ಕೂತವನಿಗೆ ಮಾತ್ರ ಲಿಂಕರ್ ಮೊದಲ ದಿನವೇ '_ಎಕ್ಸಿಟ್' ಎಂಬುದು ಎಲ್ಲೂ ಸಿಗುತ್ತಿಲ್ಲವೆಂದು ತಕರಾರು ತೆಗೆಯುತ್ತದೆ. ಪ್ರೋಗ್ರಾಮ್ ಮುಗಿದಾಗ ಆಪರೇಟಿಂಗ್ ಸಿಸ್ಟಮಿಗೆ ಮರಳಬೇಕೆಂಬುದು ಸಿ ಲೈಬ್ರರಿಯ ಎಣಿಕೆ. ಇಲ್ಲಿ ಮರಳಲು ಆಪರೇಟಿಂಗ್ ಸಿಸ್ಟಮ್ಮೇ ಇಲ್ಲ. ಆ ಒಂದು ತಕರಾರಿಗೆ ಉತ್ತರ ಹುಡುಕಿದ ವಿದ್ಯಾರ್ಥಿ ಒಂದು ಸೆಮಿಸ್ಟರಿನ ಉಪನ್ಯಾಸಕ್ಕಿಂತ ಹೆಚ್ಚು ಕಲಿತಿರುತ್ತಾನೆ ಎಂಬುದು ನನ್ನ ಅನುಭವ.

ಇನ್ನೊಂದು ಉದಾಹರಣೆಯನ್ನು ಹತ್ತಿರದಿಂದ ತೋರಿಸುತ್ತೇನೆ. ಹುಳುಮನೆಯ ಉಷ್ಣಾಂಶ ತೋರಿಸುವ ಪೆಟ್ಟಿಗೆಯೊಂದರ ಕೋಡನ್ನು ಇಂಟರ್ನ್‌ಶಿಪ್‌ಗೆ ಬಂದ ವಿದ್ಯಾರ್ಥಿನಿಯೊಬ್ಬಳು ಜಿಸಿಸಿಗೆ ಬದಲಾಯಿಸುತ್ತಿದ್ದಳು. ಕಂಪೈಲ್ ಆಯಿತು, ಚಿಪ್‌ಗೆ ಇಳಿಯಿತು, ಪರದೆಯ ಮೇಲೆ 'ಉಷ್ಣಾಂಶ' ಎಂಬ ಅಕ್ಷರಗಳು ಬಂದವು, ಅದರ ಮುಂದೆ 27.5 ಎಂದು ಬರಬೇಕಾದ ಜಾಗ ಮಾತ್ರ ಖಾಲಿ. ಸೆನ್ಸರ್ ಕೆಟ್ಟಿದೆಯೆಂದು ಎರಡು ಸೆನ್ಸರ್ ಬದಲಾಯಿಸಿದಳು, ವೈರಿಂಗ್ ಬಿಚ್ಚಿ ಮತ್ತೆ ಬೆಸುಗೆ ಹಾಕಿದಳು. ಕಾರಣ ಸೆನ್ಸರಿನಲ್ಲೂ ಇರಲಿಲ್ಲ, ಅವಳ ಕೋಡಿನಲ್ಲೂ ಇರಲಿಲ್ಲ. ಜಾಗ ಉಳಿಸಲೆಂದು ಬಳಸುವ ನ್ಯೂಲಿಬ್-ನ್ಯಾನೊ ಎಂಬ ಚಿಕ್ಕ ಸಿ ಲೈಬ್ರರಿ, ದಶಮಾಂಶ ಸಂಖ್ಯೆಗಳನ್ನು ಮುದ್ರಿಸುವ ಭಾಗವನ್ನು ಕೇಳಿದ ಹೊರತು ಒಳಗೆ ಸೇರಿಸಿಕೊಳ್ಳುವುದಿಲ್ಲ. ಲಿಂಕರ್‌ಗೆ '-ಯು _ಪ್ರಿಂಟ್‌ಎಫ್_ಫ್ಲೋಟ್' ಎಂಬ ಒಂದು ಆಯ್ಕೆ ಕೊಟ್ಟೊಡನೆ 27.5 ಬಂತು, ಜೊತೆಗೆ ಕಡತದ ಗಾತ್ರವೂ ಕೆಲವು ಕೆಬಿ ಏರಿತು. ಎಷ್ಟು ಏರಿತೆಂದು ಟೂಲ್‌ಚೈನಿನ ಸೈಜ್ ಆದೇಶದಲ್ಲಿ ನೋಡಿ, ಹತ್ತರಿಂದ ಗುಣಿಸಿದ ಪೂರ್ಣಾಂಕವಾಗಿ ಇಟ್ಟುಕೊಂಡರೆ ಈ ಹೊರೆಯೇ ಬೇಡವಲ್ಲ ಎಂದು ಅವಳೇ ಹೇಳಿದಳು. ಒಂದೇ ಗೂಡಿನಿಂದ ಚರಕದಲ್ಲಿ ತೆಗೆದ ನೂಲಿಗೂ ಆಟೊಮ್ಯಾಟಿಕ್ ಯಂತ್ರದಲ್ಲಿ ತೆಗೆದ ನೂಲಿಗೂ ಇರುವ ವ್ಯತ್ಯಾಸವನ್ನು ಶಿಡ್ಲಘಟ್ಟದವರಿಗೆ ವಿವರಿಸಬೇಕಿಲ್ಲ. ಒಂದೇ ಸಿ ಕೋಡು ಎರಡು ಟೂಲ್‌ಚೈನ್‌ಗಳಿಂದ ಹೊರಬಂದಾಗಲೂ ಅಂಥದೇ ವ್ಯತ್ಯಾಸ ಇರುತ್ತದೆಂಬುದು ಎಂಜಿನಿಯರಿಂಗ್ ಓದುವವರಿಗೆ ಗೊತ್ತಿರಬೇಕಲ್ಲವೇ?

ಇದೇ ಬಗೆಯ ಇನ್ನೊಂದು ತೊಡಕು ದಶಮಾಂಶ ಲೆಕ್ಕ ಮಾಡುವ ಫ್ಲೋಟಿಂಗ್ ಪಾಯಿಂಟ್ ಘಟಕದ್ದು. ಆರ್ಮ್‌ನ ಕಾರ್ಟೆಕ್ಸ್-ಎಂ4 ಚಿಪ್‌ಗಳಲ್ಲಿ ಸಾಮಾನ್ಯವಾಗಿ ಅದು ಇರುತ್ತದೆ, ಎಂ3ಯಲ್ಲಿ ಇರುವುದಿಲ್ಲ. ಒಂದು ಕಡತವನ್ನು 'ಹಾರ್ಡ್' ಆಯ್ಕೆಯಿಂದಲೂ ಇನ್ನೊಂದನ್ನು 'ಸಾಫ್ಟ್' ಆಯ್ಕೆಯಿಂದಲೂ ಕಂಪೈಲ್ ಮಾಡಿದರೆ ಲಿಂಕರ್ ಅವನ್ನು ಕೂಡಿಸಲು ಒಪ್ಪುವುದಿಲ್ಲ. ಎಲ್ಲವನ್ನೂ 'ಹಾರ್ಡ್' ಮಾಡಿ, ಆರಂಭದಲ್ಲಿ ಆ ಘಟಕವನ್ನು ಚಾಲೂ ಮಾಡಲು ಮರೆತರೆ ಚಿಪ್ ಮೊದಲ ದಶಮಾಂಶ ಲೆಕ್ಕದಲ್ಲೇ ಹಾರ್ಡ್‌ಫಾಲ್ಟ್ ಎಂಬ ದೋಷಸ್ಥಿತಿಗೆ ಹೋಗಿ ಕೂರುತ್ತದೆ.

ಪಾಲಿಟೆಕ್ನಿಕ್‌ಗಳಲ್ಲಿ ಇನ್ನೂ 8051 ಎಂಬ ಹಳೆಯ ಮೈಕ್ರೊಕಂಟ್ರೋಲರ್ ಕಲಿಸುತ್ತಾರೆ. ಅಲ್ಲಿಯೂ ಪರಿಸ್ಥಿತಿ ಬೇರೆಯಲ್ಲ. ಅದಕ್ಕೆ ಬಳಸುವ ಕೀಲ್ ಸಿ51 ಕಂಪೈಲರಿನ ಮೌಲ್ಯಮಾಪನ ಆವೃತ್ತಿ 2 ಕೆಬಿಗಿಂತ ದೊಡ್ಡ ಪ್ರೋಗ್ರಾಮನ್ನು ಕಟ್ಟಿಕೊಡುವುದಿಲ್ಲ. ಎಲ್‌ಸಿಡಿ, ಕೀಪ್ಯಾಡ್ ಮತ್ತು ಜಿಎಸ್‌ಎಂ ಮೋಡೆಮ್ ಸೇರಿದ ಕಡೆಯ ವರ್ಷದ ಪ್ರಾಜೆಕ್ಟಿಗೆ ಅದು ಸಾಲದು. ಇದಕ್ಕೆ ಎಸ್‌ಡಿಸಿಸಿ ಎಂಬ ಮುಕ್ತ ಕಂಪೈಲರ್ ಇದೆ, ಸಂದೀಪ್ ದತ್ತ ಎಂಬವರು ಆರಂಭಿಸಿದ್ದು, ಗಾತ್ರದ ಮಿತಿ ಇಲ್ಲ. ಕೀಲ್‌ನಲ್ಲಿ ಬರೆದ ಕೋಡು ಅದರಲ್ಲಿ ಹಾಗೇ ನಡೆಯುವುದಿಲ್ಲ ಎಂಬುದು ನಿಜ. ಪೋರ್ಟಿನ ಒಂದು ಬಿಟ್ಟಿಗೆ ಹೆಸರಿಡುವ 'ಎಸ್‌ಬಿಟ್' ಸಾಲನ್ನು ವಿಳಾಸ ಕೊಟ್ಟು ಬೇರೆ ರೀತಿ ಬರೆಯಬೇಕು, ಇಂಟರಪ್ಟ್ ಫಂಕ್ಷನ್ನಿನ ಘೋಷಣೆಯೂ ಬದಲಾಗುತ್ತದೆ, ಹೆಡರ್ ಕಡತದ ಹೆಸರು ಬೇರೆ. ಯಾವುದು ಸಿ ಭಾಷೆ, ಯಾವುದು ಒಂದು ಕಂಪನಿ ಅದಕ್ಕೆ ಸೇರಿಸಿದ ವಿಸ್ತರಣೆ ಎಂಬ ಭೇದ ಮಕ್ಕಳಿಗೆ ಕಣ್ಣಿಗೆ ಕಟ್ಟಿದಂತೆ ತಿಳಿಯುವುದು ಈ ಬದಲಾವಣೆ ಮಾಡುವಾಗಲೇ.

ಈ ಗಾತ್ರದ ಮಿತಿಯಿಂದಲೇ ಇನ್ನೊಂದು ಕೆಟ್ಟ ಪದ್ಧತಿ ಬೆಳೆದಿದೆ, ಅದನ್ನು ಹೇಳದೆ ಬಿಡಲಾಗದು. ನಮ್ಮ ಕಡೆಯ ಕಾಲೇಜೊಂದರಿಂದ ಬಂದ ಪ್ರಾಜೆಕ್ಟ್ ತಂಡವೊಂದು ಜೊತೆಗೆ ತಂದ ಲ್ಯಾಪ್‌ಟಾಪಿನಲ್ಲಿ ದುಬಾರಿ ಕಂಪೈಲರೊಂದರ ಬೀಗ ಒಡೆದ ಪ್ರತಿ ಇತ್ತು. ಅದನ್ನು ಕೊಟ್ಟವರು ಪ್ರಯೋಗಾಲಯದವರೇ. ಇದು ಕಾನೂನಿಗೆ ವಿರುದ್ಧ ಎಂಬುದು ಒಂದು ಮಾತು. ಕಂಪೈಲರ್ ವಿಷಯದಲ್ಲಿ ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಕಂಪೈಲರಿನೊಳಗೆ ಕೇಡನ್ನು ಅಡಗಿಸಿಟ್ಟರೆ ಮೂಲ ಕೋಡನ್ನು ಎಷ್ಟು ತಿರುವಿ ನೋಡಿದರೂ ಅದು ಕಾಣುವುದಿಲ್ಲವೆಂದು ಯೂನಿಕ್ಸ್ ಆಪರೇಟಿಂಗ್ ಸಿಸ್ಟಮಿನ ಕರ್ತೃಗಳಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ 1984ರಲ್ಲಿಯೇ ತೋರಿಸಿಕೊಟ್ಟಿದ್ದರು. 2015ರಲ್ಲಿ ಅದು ನಿಜವಾಗಿಯೂ ನಡೆಯಿತು: ಆ್ಯಪಲ್‌ನ ಎಕ್ಸ್‌ಕೋಡ್ ಸಾಧನವನ್ನು ಚೀನಾದ ಹಲವು ತಂತ್ರಜ್ಞರು ಅಧಿಕೃತವಲ್ಲದ ತಾಣಗಳಿಂದ ಇಳಿಸಿಕೊಂಡರು, ಅದರೊಳಗೆ ಸೇರಿಸಲಾಗಿದ್ದ ಎಕ್ಸ್‌ಕೋಡ್‌ಘೋಸ್ಟ್ ಎಂಬ ಕುತಂತ್ರಾಂಶ, ಅವರು ಕಟ್ಟಿದ ಆ್ಯಪ್‌ಗಳೊಳಕ್ಕೆಲ್ಲ ಅವರಿಗೇ ತಿಳಿಯದಂತೆ ಹೊಕ್ಕಿತು. ಯಾರು ಬೀಗ ಒಡೆದರೆಂದು ಗೊತ್ತಿಲ್ಲದ ಕಂಪೈಲರಿನಿಂದ ಕಟ್ಟಿದ ಕೋಡನ್ನು ರೈತನ ಹತ್ತು ಅಶ್ವಶಕ್ತಿಯ ಮೋಟಾರಿಗೆ ಹಾಕುವುದು ಎಷ್ಟು ಸರಿ? ಅಧಿಕೃತ ಪುಟದಿಂದ ಇಳಿಸಿಕೊಂಡು, ಅಲ್ಲಿ ಕೊಟ್ಟಿರುವ ಚೆಕ್‌ಸಮ್ಮನ್ನು (ಕಡತ ಬದಲಾಗಿಲ್ಲವೆಂದು ಪರೀಕ್ಷಿಸುವ ಸಂಖ್ಯೆಯನ್ನು) ನಮ್ಮ ಕಡತದ ಚೆಕ್‌ಸಮ್ಮಿಗೆ ಹೋಲಿಸಿ ನೋಡುವ ಅಭ್ಯಾಸವನ್ನು ಪ್ರಯೋಗಾಲಯದ ಮೊದಲ ದಿನವೇ ಮಾಡಿಸಬೇಕು. ಕೀಲ್ ಕೂಡ ಆರ್ಮ್ ಚಿಪ್‌ಗಳ ವಾಣಿಜ್ಯೇತರ ಬಳಕೆಗೆ ಗಾತ್ರದ ಮಿತಿ ಇಲ್ಲದ ಕಮ್ಯುನಿಟಿ ಆವೃತ್ತಿಯನ್ನು ಈಗ ಕೊಡುತ್ತಿರುವಾಗ ಬೀಗ ಒಡೆಯುವುದಕ್ಕೆ ನೆಪವೂ ಉಳಿದಿಲ್ಲ.

ಸಣ್ಣ ಉದ್ದಿಮೆದಾರರಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಜಿಸಿಸಿ ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿಯದು, ಅದರಿಂದ ಕಟ್ಟಿದರೆ ನಮ್ಮ ಕೋಡನ್ನೂ ಊರಿಗೆಲ್ಲ ಹಂಚಬೇಕಾದೀತು ಎಂದು ಗೌರಿಬಿದನೂರಿನ ಪರಿಚಯದ ಉದ್ದಿಮೆದಾರರೊಬ್ಬರು ಹೆದರಿ, ತಮ್ಮ ಆದಾಯಕ್ಕೆ ಭಾರವಾಗುವ ಪರವಾನಗಿ ಕೊಂಡಿದ್ದಾರೆ. ಕಂಪೈಲರ್ ತನ್ನ ಕಡೆಯಿಂದ ಸೇರಿಸುವ ರನ್‌ಟೈಮ್ ಭಾಗಗಳಿಗೆ ಸ್ಪಷ್ಟ ವಿನಾಯಿತಿ ಇರುವುದರಿಂದ ಆ ಭಯಕ್ಕೆ ಆಧಾರವಿಲ್ಲ. ಹಾಗೆಂದು ಹಣ ಕೊಟ್ಟು ಕೊಳ್ಳುವ ಕಂಪೈಲರುಗಳು ವ್ಯರ್ಥವೆಂದು ನಾನು ವಾದಿಸುತ್ತಿಲ್ಲ. ವಾಹನದ ಬ್ರೇಕು, ಆಸ್ಪತ್ರೆಯ ಉಪಕರಣ ಮೊದಲಾದ ಕಡೆ ಸುರಕ್ಷತೆಯ ಪ್ರಮಾಣಪತ್ರ ಪಡೆದ ಕಂಪೈಲರ್ ಬೇಕಾಗುತ್ತದೆ. ಕೆಲವು ಚಿಪ್‌ಗಳಿಗೆ ಅವು ಇನ್ನೂ ಚಿಕ್ಕ ಕೋಡನ್ನು ಕೊಡುತ್ತವೆ. ತೊಂದರೆಯಾದಾಗ ಕೇಳಲು ಒಂದು ಬಾಗಿಲಿರುತ್ತದೆ. ಯಾವ ಕೆಲಸಕ್ಕೆ ಯಾವುದು ಎಂದು ತೂಗಿ ನೋಡಬಲ್ಲವನು ಎರಡನ್ನೂ ಜೋಡಿಸಿ ನೋಡಿದವನು ಮಾತ್ರ.

ಈ ವಿಷಯ ಜಿಲ್ಲೆಯ ಜನಜೀವನಕ್ಕೆ ಹೇಗೆ ತಗಲುತ್ತದೆಂದು ಕೆಲವರು ಕೇಳಬಹುದು. ಸಾವಿರ ಅಡಿಗೂ ಆಳದ ಕೊಳವೆಬಾವಿಗಳು ಸಾಮಾನ್ಯವಾಗಿರುವ ನಮ್ಮ ಕಡೆ, ತ್ರೀ ಫೇಸ್ ಕರೆಂಟು ಹೊತ್ತಲ್ಲದ ಹೊತ್ತಿನಲ್ಲಿ ಬಂದು ಹೋಗುವುದರಿಂದ ತೋಟ ತೋಟದಲ್ಲೂ ಎಲೆಕ್ಟ್ರಾನಿಕ್ ಸ್ಟಾರ್ಟರುಗಳು ಬಂದಿವೆ. ಹಾಲಿನ ಡೇರಿಗಳಲ್ಲಿ ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ಅಳೆಯುವ ಯಂತ್ರ, ಗೂಡಿನ ಮಾರುಕಟ್ಟೆಯಲ್ಲಿ ತೂಕದ ಯಂತ್ರ, ಪಾಲಿಹೌಸ್‌ಗಳಲ್ಲಿ ಗೊಬ್ಬರ ಬೆರೆಸುವ ನಿಯಂತ್ರಕ, ಎಲ್ಲದರ ಒಳಗೂ ಒಂದು ಚಿಪ್, ಅದರೊಳಗೆ ಒಂದು ಪ್ರೋಗ್ರಾಮ್. ಇಂಥ ಸಾಧನ ಹತ್ತು ವರ್ಷ ಬಾಳುತ್ತದೆ. ಆ ಹತ್ತು ವರ್ಷದಲ್ಲಿ ಮೋಡೆಮಿನ ಮಾದರಿ ಬದಲಾಗುತ್ತದೆ, ಸಿಮ್ ಕಂಪನಿ ಹಳೆಯ ಜಾಲವನ್ನು ನಿಲ್ಲಿಸುತ್ತದೆ, ಪ್ರೋಗ್ರಾಮನ್ನು ಸ್ವಲ್ಪ ತಿದ್ದಬೇಕಾಗುತ್ತದೆ. ಮೂಲ ಕೋಡು ಜೋಪಾನವಾಗಿದೆಯೆಂದು ತಯಾರಕರು ನೆಮ್ಮದಿಯಿಂದಿರುತ್ತಾರೆ, ಕಂಪೈಲರಿನ ಯಾವ ಆವೃತ್ತಿಯಿಂದ ಅದನ್ನು ಕಟ್ಟಿದ್ದರೆಂದು ಮಾತ್ರ ಎಲ್ಲೂ ಬರೆದಿಟ್ಟಿರುವುದಿಲ್ಲ.

ಆವೃತ್ತಿ ಬದಲಾದರೆ ಏನಾಗುತ್ತದೆ? 2020ರಲ್ಲಿ ಬಂದ ಜಿಸಿಸಿ 10ರಿಂದ ಒಂದು ಪೂರ್ವನಿಗದಿ ಬದಲಾಯಿತು: ಹೆಡರ್ ಕಡತದಲ್ಲಿ 'ಎಕ್ಸ್‌ಟರ್ನ್' ಎಂದು ಬರೆಯದೆ ಗ್ಲೋಬಲ್ ಚರವನ್ನು ಇಟ್ಟಿದ್ದ ಹಳೆಯ ಕೋಡು ಅದುವರೆಗೆ ಸದ್ದಿಲ್ಲದೆ ಲಿಂಕ್ ಆಗುತ್ತಿತ್ತು, ಅಂದಿನಿಂದ ಅದೇ ಚರ ಹಲವು ಕಡೆ ಇದೆಯೆಂದು ಲಿಂಕರ್ ಕೈಯೆತ್ತುತ್ತದೆ. 2024ರ ಜಿಸಿಸಿ 14ರಲ್ಲಿ, ಘೋಷಣೆಯೇ ಇಲ್ಲದೆ ಫಂಕ್ಷನ್ ಕರೆಯುವುದು ಎಚ್ಚರಿಕೆಯ ಮಟ್ಟದಿಂದ ತಪ್ಪಿನ ಮಟ್ಟಕ್ಕೇರಿತು. ಇವೆರಡೂ ಒಳ್ಳೆಯ ಬದಲಾವಣೆಗಳೇ, ಹಳೆಯ ಕೋಡಿನ ಹುಳುಕನ್ನು ಹೊರಗೆಳೆಯುತ್ತವೆ. ಆದರೆ ಬೇಸಿಗೆಯ ನಡುವೆ, ಟೊಮೆಟೊ ಒಣಗುತ್ತಿರುವಾಗ, ನಲವತ್ತು ಸ್ಟಾರ್ಟರುಗಳ ಪ್ರೋಗ್ರಾಮನ್ನು ತಿದ್ದಬೇಕಾದವನಿಗೆ ಬೇಕಾದದ್ದು ಹಳೆಯ ಕಂಪೈಲರೇ. ಹೊರಗಿನ ಟೂಲ್‌ಚೈನಿನ ದೊಡ್ಡ ಅನುಕೂಲ ಇಲ್ಲಿದೆ: ಒಂದೇ ಯಂತ್ರದಲ್ಲಿ ಎರಡು ಮೂರು ಆವೃತ್ತಿಗಳನ್ನು ಬೇರೆ ಬೇರೆ ಫೋಲ್ಡರಿನಲ್ಲಿಟ್ಟು, ಯಾವ ಪ್ರಾಜೆಕ್ಟಿಗೆ ಯಾವುದೆಂದು ಮೇಕ್‌ಫೈಲ್‌ನಲ್ಲೋ ಸಿಮೇಕ್‌ನ ಟೂಲ್‌ಚೈನ್ ಕಡತದಲ್ಲೋ ಬರೆದಿಟ್ಟರೆ ಆಯಿತು. ಇನ್‌ಸ್ಟಾಲರ್ ಕಡತವನ್ನೂ ಕೋಡಿನ ಜೊತೆಗೇ ಕಾಯ್ದಿಟ್ಟರೆ, ಬರೆದವರು ಊರು ಬಿಟ್ಟು ಹೋಗಿದ್ದರೂ ಇನ್ನೊಬ್ಬರು ಮುಂದುವರಿಸಬಹುದು. ಚಿಂತಾಮಣಿ ಕಡೆಯ ರೈತರೊಬ್ಬರು ಕೊಂಡಿದ್ದ ನಿಯಂತ್ರಕದ ತಯಾರಕರು ಬಾಗಿಲು ಹಾಕಿದ ಮೇಲೆ, ಅವರ ಬಳಿ ಕೆಲಸ ಮಾಡಿದ್ದವರು ಕೋಡನ್ನು ಕೊಡಲು ಮುಂದೆ ಬಂದರೂ ಅದನ್ನು ಕಟ್ಟಲಾಗದೆ ಇಡೀ ಪ್ಯಾನೆಲ್ ಬೋರ್ಡನ್ನೇ ಬದಲಾಯಿಸಬೇಕಾಯಿತು.

ಲಿನಕ್ಸ್ ನಡೆಸುವ ಬೋರ್ಡುಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಏಕೆಂದರೆ ನಮ್ಮ ಕಾಲೇಜುಗಳು ಆ ಮಟ್ಟಕ್ಕೆ ಹೋಗುವುದು ಅಪರೂಪ. ಅಂಥ ಬೋರ್ಡಿಗೆ ಬೇಕಾದ ಲಿನಕ್ಸನ್ನು ಕಟ್ಟಿಕೊಡುವ ಬಿಲ್ಡ್‌ರೂಟ್‌ನಂಥ ವ್ಯವಸ್ಥೆಯಲ್ಲಿ ಟೂಲ್‌ಚೈನನ್ನು ತಾನೇ ಮೊದಲಿನಿಂದ ಕಟ್ಟಿಕೊಳ್ಳುವ ಆಯ್ಕೆಯೂ, ಹೊರಗೆ ಸಿದ್ಧವಾಗಿರುವುದನ್ನು ತಂದು ಜೋಡಿಸುವ ಆಯ್ಕೆಯೂ ಇದೆ. ಹೊರಗಿನದನ್ನು ಆರಿಸಿಕೊಂಡರೆ ಪ್ರತಿ ಸಲ ಬಹಳ ಹೊತ್ತಿನ ಕೆಲಸ ಉಳಿಯುತ್ತದೆ. ಆ ಟೂಲ್‌ಚೈನ್ ಯಾವ ಸಿ ಲೈಬ್ರರಿಯದು, ಯಾವ ಸರಣಿಯ ಕರ್ನೆಲ್ ಹೆಡರುಗಳಿಂದ ಕಟ್ಟಿದ್ದು ಎಂಬುದನ್ನು ಸರಿಯಾಗಿ ತಿಳಿಸದಿದ್ದರೆ ಆರಂಭದಲ್ಲೇ ಅದು ನಿಂತುಬಿಡುತ್ತದೆ.

ದೇಶದ ಮಟ್ಟದಲ್ಲಿಯೂ ಈ ಜ್ಞಾನಕ್ಕೆ ಬೇಡಿಕೆ ಬರುವ ಕಾಲ ಇದು. ಮದ್ರಾಸ್ ಐಐಟಿಯ ಶಕ್ತಿ ಮತ್ತು ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆ ಸಿ-ಡಾಕ್‌ನ ವೇಗಾ ಪ್ರೊಸೆಸರುಗಳು ರಿಸ್ಕ್-ಫೈವ್ ಎಂಬ ಮುಕ್ತ ವಿನ್ಯಾಸದವು. ಅವುಗಳನ್ನು ಬೆಳೆಸಲೆಂದು ಕೇಂದ್ರ ಸರ್ಕಾರ 2022ರಲ್ಲಿ ಡಿಜಿಟಲ್ ಇಂಡಿಯಾ ರಿಸ್ಕ್-ಫೈವ್ ಕಾರ್ಯಕ್ರಮವನ್ನು ಘೋಷಿಸಿತು. ಈ ಚಿಪ್‌ಗಳಿಗೆ ಕೋಡು ಕಟ್ಟುವುದು ಜಿಸಿಸಿಯಲ್ಲೇ. 2025ರಲ್ಲಿ ಇಸ್ರೊ ಹೊರತಂದ ವಿಕ್ರಮ್ 3201 ಪ್ರೊಸೆಸರಿನ ಸಂಗತಿ ಇನ್ನೂ ಗಮನಾರ್ಹ. ಉಡಾವಣಾ ವಾಹನಗಳಿಗೆಂದೇ ರೂಪುಗೊಂಡ ಅದರ ಆಜ್ಞಾಸಮುಚ್ಚಯ ಇಸ್ರೊದ್ದೇ ಆದ್ದರಿಂದ, ಏಡಾ ಭಾಷೆಯ ಕಂಪೈಲರ್, ಅಸೆಂಬ್ಲರ್, ಲಿಂಕರ್, ಸಿಮ್ಯುಲೇಟರ್ ಎಲ್ಲವನ್ನೂ ಸಂಸ್ಥೆ ತಾನೇ ತಯಾರಿಸಿಕೊಳ್ಳಬೇಕಾಯಿತು. ಅದರ ಜೊತೆಗೆ ಬಂದ ಕಲ್ಪನಾ 3201 ಸ್ಪಾರ್ಕ್ ವಿನ್ಯಾಸದ್ದು, ಮುಕ್ತ ಟೂಲ್‌ಚೈನ್‌ಗಳಿಗೆ ಹೊಂದುವಂಥದ್ದು. ಚಿಪ್ ತಯಾರಾದ ಮಾತ್ರಕ್ಕೆ ಮುಗಿಯಲಿಲ್ಲ, ಅದಕ್ಕೆ ಕಂಪೈಲರ್ ಬೇಕು, ಕಂಪೈಲರ್ ಬಲ್ಲ ಜನ ಬೇಕು. ಬಿಲ್ಡ್ ಗುಂಡಿ ಒತ್ತುವುದಷ್ಟನ್ನೇ ಕಲಿತವರಿಗೆ ಅಂಥ ಕೆಲಸದ ಹತ್ತಿರ ಸುಳಿಯಲೂ ಆಗದು.

ಅಧ್ಯಾಪಕರ ಕಷ್ಟವೂ ನನಗೆ ಗೊತ್ತು. ಪರೀಕ್ಷೆಗೆ ಪಟ್ಟಿ ಮಾಡಿರುವ ಪ್ರಯೋಗಗಳನ್ನು ಮುಗಿಸುವುದೇ ಪ್ರಯಾಸ, ಮೂವತ್ತು ಯಂತ್ರಗಳಲ್ಲಿ ಮೂವತ್ತು ಬಗೆಯ ತಪ್ಪುಗಳು ಬಂದರೆ ಒಬ್ಬರೇ ಸಂಭಾಳಿಸುವುದು ಹೇಗೆ ಎಂದು ಪರಿಚಯದ ಉಪನ್ಯಾಸಕಿಯೊಬ್ಬರು ಕೇಳಿದರು. ಅವರ ಮಾತಿನಲ್ಲಿ ಹುರುಳಿದೆ. ಆದ್ದರಿಂದಲೇ ಇಡೀ ಪ್ರಯೋಗಾಲಯವನ್ನು ಬದಲಾಯಿಸಿರೆಂದು ನಾನು ಕೇಳುತ್ತಿಲ್ಲ. ಸೆಮಿಸ್ಟರಿಗೆ ಎರಡು ಅವಧಿ ಸಾಕು. ಮೊದಲನೆಯದರಲ್ಲಿ ಟೂಲ್‌ಚೈನನ್ನು ಇಳಿಸಿ, ಪಾತ್ ಸರಿಪಡಿಸಿ, ಆದೇಶ ಸಾಲಿನಿಂದ ಒಂದು ಎಲ್‌ಇಡಿ ಮಿನುಗಿಸಲಿ. ಎರಡನೆಯದರಲ್ಲಿ ಲಿಂಕರ್ ಸ್ಕ್ರಿಪ್ಟಿನ ಫ್ಲ್ಯಾಶ್ ಗಾತ್ರವನ್ನು ಬೇಕೆಂದೇ ಕಡಿಮೆ ಮಾಡಿ, ಜಾಗ ಸಾಲದೆಂದು ಲಿಂಕರ್ ಕೊಡುವ ದೂರನ್ನು ಮಕ್ಕಳೇ ಓದಿ ಅರ್ಥ ಮಾಡಿಕೊಳ್ಳಲಿ. ಉಳಿದ ಪ್ರಯೋಗಗಳು ಈಗಿನಂತೆಯೇ ನಡೆಯಲಿ.

ಕಾಲೇಜುಗಳು ತಮ್ಮ ಒಳಜಾಲದ ಒಂದು ಕಂಪ್ಯೂಟರಿನಲ್ಲಿ ಆರ್ಮ್, ಎವಿಆರ್, ರಿಸ್ಕ್-ಫೈವ್ ಮತ್ತು 8051ರ ಟೂಲ್‌ಚೈನ್‌ಗಳನ್ನು ಚೆಕ್‌ಸಮ್ ಸಹಿತ ಇಟ್ಟರೆ, ಬಾಗೇಪಲ್ಲಿ, ಗುಡಿಬಂಡೆ ಕಡೆಯಿಂದ ಬರುವ, ಮೊಬೈಲ್ ಡೇಟಾ ನಂಬಿಕೊಂಡ ಮಕ್ಕಳಿಗೂ ಅನುಕೂಲ. ಮುದ್ದೇನಹಳ್ಳಿಯಲ್ಲಿರುವ ವಿಟಿಯು ಸ್ನಾತಕೋತ್ತರ ಕೇಂದ್ರ ಬೇಸಿಗೆ ರಜೆಯಲ್ಲಿ ಜಿಲ್ಲೆಯ ಉಪನ್ಯಾಸಕರಿಗೆ ಮತ್ತು ಲ್ಯಾಬ್ ಸಹಾಯಕರಿಗೆ ಈ ಬಗ್ಗೆ ತರಬೇತಿ ನಡೆಸಬಹುದು. ಸಹಾಯಕರನ್ನು ಬಿಟ್ಟು ಅಧ್ಯಾಪಕರಿಗೆ ಮಾತ್ರ ಕಲಿಸಿದರೆ ಪ್ರಯೋಜನ ಅರ್ಧಕ್ಕೇ ನಿಲ್ಲುತ್ತದೆ, ಏಕೆಂದರೆ ಯಂತ್ರಗಳ ಮುಂದೆ ನಿಲ್ಲುವವರು ಸಹಾಯಕರೇ. ಇಲಾಖೆ ಪ್ರಯೋಗಾಲಯಗಳಿಗೆ ಬೋರ್ಡು ಕೊಳ್ಳಲು ಟೆಂಡರ್ ಕರೆಯುವಾಗ, ಮುಕ್ತ ಟೂಲ್‌ಚೈನಿನಿಂದ ಕಟ್ಟಿದ ಮಾದರಿ ಪ್ರಾಜೆಕ್ಟನ್ನು, ಅದರ ಲಿಂಕರ್ ಸ್ಕ್ರಿಪ್ಟ್ ಹಾಗೂ ಸ್ಟಾರ್ಟ್‌ಅಪ್ ಕಡತದೊಂದಿಗೆ, ಸರಬರಾಜುದಾರರು ಒದಗಿಸಬೇಕೆಂಬ ಒಂದು ಷರತ್ತನ್ನು ಸೇರಿಸಲಿ. ಸಹಾಯಧನ ಕೊಟ್ಟು ರೈತರಿಗೆ ನಿಯಂತ್ರಕಗಳನ್ನು ಹಂಚುವ ಯೋಜನೆಗಳಲ್ಲಿಯೂ, ತಯಾರಕರು ತಮ್ಮ ಮೂಲ ಕೋಡನ್ನು ಯಾವ ಕಂಪೈಲರಿನ ಯಾವ ಆವೃತ್ತಿಯಿಂದ, ಯಾವ ಆಯ್ಕೆಗಳೊಂದಿಗೆ ಕಟ್ಟಿದ್ದಾರೆಂಬ ದಾಖಲೆಯನ್ನು ಮುಚ್ಚಿದ ಲಕೋಟೆಯಲ್ಲಾದರೂ ಇಲಾಖೆಗೆ ಒಪ್ಪಿಸುವಂತಾಗಲಿ. ಮುಂದಿನ ಶೈಕ್ಷಣಿಕ ವರ್ಷದ ಲ್ಯಾಬ್ ಕೈಪಿಡಿಗಳು ಅಚ್ಚಿಗೆ ಹೋಗುವ ಮೊದಲೇ ಸಂಬಂಧಪಟ್ಟವರು ಮೇಲಿನ ಎರಡು ಅವಧಿಗಳನ್ನು ಅದರಲ್ಲಿ ಸೇರಿಸಬೇಕೆಂದು ಕೋರುತ್ತೇನೆ. ಯಾವುದೇ ಕಾಲೇಜು ಕರೆದರೆ, ಆ ಎರಡು ಅವಧಿಗೆ ಬೋರ್ಡುಗಳೊಂದಿಗೆ ಬಂದು ಉಪನ್ಯಾಸಕರ ಜೊತೆ ನಿಂತು ನೆರವಾಗಲು ನಾನೂ, ಇದೇ ಕಸುಬಿನ ನನ್ನ ಕೆಲವು ಗೆಳೆಯರೂ ಸಿದ್ಧರಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ಎಂಬೆಡೆಡ್ ತಂತ್ರಾಂಶ ಎಂಜಿನಿಯರ್,
ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಜಿಲ್ಲೆ